ಕೊಂಡ ಬೆಲೆ, ಸಾಕುವ ಬೆಲೆ: ದೊಡ್ಡ ಪೆಟ್ರೋಲ್ ಕಾರೊಂದರ ಲೆಕ್ಕ

"ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ" ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಆನೆಗೆ ದಿನವೂ ಹಾಕಬೇಕಾದ ಮೇವಿನ ಲೆಕ್ಕವನ್ನು ಗಾದೆ ಹೇಳುವುದಿಲ್ಲ. ಅದನ್ನು ಸಾಕಿದವನೇ ಹೇಳಬೇಕು. ಮೋಟಾರು ಕಾರಿನ ವಿಷಯವೂ ಬಹುಮಟ್ಟಿಗೆ ಹೀಗೆಯೇ. ಕೊಳ್ಳುವಾಗ ಕೊಟ್ಟ ಬೆಲೆ ನೆನಪಿನಲ್ಲಿ ಅಚ್ಚಳಿಯದೆ ಉಳಿಯುತ್ತದೆ. ಪೆಟ್ರೋಲಿಗೆ ತೆತ್ತ ಹಣ ವಾರವಾರವೂ ಕಣ್ಣಿಗೆ ಬೀಳುತ್ತದೆ. ಆದರೆ ಇವೆರಡರ ನಡುವೆ ಸದ್ದಿಲ್ಲದೆ ಕರಗಿಹೋಗುವ ಹಣದ ಲೆಕ್ಕವಿಡುವವರು ವಿರಳ. ಹಳೆಯ ದೊಡ್ಡ ಕಾರನ್ನು ಇಟ್ಟುಕೊಳ್ಳುವುದು ಲಾಭವೋ, ಅದನ್ನು ಮಾರಿ ಕಡಮೆ ಪೆಟ್ರೋಲ್ ಕುಡಿಯುವ ಹೊಸದನ್ನು ಕೊಳ್ಳುವುದು ಲಾಭವೋ ಎಂಬ ಪ್ರಶ್ನೆ ಎದುರಾದಾಗ ಜನರು ಎಡವುವುದು ಇಲ್ಲಿಯೇ. ಇದು ಮನೆಯೊಂದರ ಜೇಬಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಇದೇ ಪ್ರಶ್ನೆಗೆ ತಾವು ಕಂಡುಕೊಂಡ ಉತ್ತರವನ್ನು ನಂಬಿ ಸರ್ಕಾರಗಳು ಲಕ್ಷಗಟ್ಟಲೆ ಕಾರುಗಳನ್ನು ಗುಜರಿಗೆ ಕಳುಹಿಸಿದ್ದುಂಟು. ಭೌತವಿಜ್ಞಾನದ ಕೆಲವು ಸರಳ ತತ್ತ್ವಗಳೂ ಪ್ರೌಢಶಾಲೆಯ ಗಣಿತವೂ ಇದಕ್ಕೆ ಎಷ್ಟರ ಮಟ್ಟಿಗೆ ಉತ್ತರ ಕೊಡಬಲ್ಲವು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಉದಾಹರಣೆಗಾಗಿ ಎಸ್ಟೇಟ್ ಕಾರು ಎಂಬ ಜಾತಿಯ ವಾಹನವನ್ನು ತೆಗೆದುಕೊಳ್ಳಬಹುದು. ಸಾಮಾನ್ಯ ಕಾರಿನಲ್ಲಿ ಚಾವಣಿಯು ಹಿಂದಿನ ಆಸನದ ಬಳಿ ಮುಗಿದು, ಅದರಾಚೆಗೆ ಡಿಕ್ಕಿ ಇರುತ್ತದೆ. ಎಸ್ಟೇಟ್ ಕಾರಿನಲ್ಲಿ ಚಾವಣಿಯು ವಾಹನದ ಹಿಂದಿನ ತುದಿಯವರೆಗೂ ಚಾಚಿಕೊಂಡು, ಅಲ್ಲಿ ಮೇಲಕ್ಕೆ ತೆರೆಯುವ ಬಾಗಿಲಿರುತ್ತದೆ. ಹಿಂದಿನ ಆಸನವನ್ನು ಮಡಿಸಿದರೆ ಬೀರುವೊಂದನ್ನು ಮಲಗಿಸಿ ಸಾಗಿಸುವಷ್ಟು ಜಾಗ ದೊರೆಯುತ್ತದೆ. ಬ್ರಿಟನ್ನಿನ ಜಮೀನ್ದಾರರ ಎಸ್ಟೇಟುಗಳಲ್ಲಿ ಜನರನ್ನೂ ಸಾಮಾನನ್ನೂ ಒಟ್ಟಿಗೆ ಸಾಗಿಸಲು ಬಳಕೆಗೆ ಬಂದುದರಿಂದ ಅದಕ್ಕೆ ಈ ಹೆಸರು. ಅಮೆರಿಕದಲ್ಲಿ ರೈಲ್ವೆ ಸ್ಟೇಷನ್ನಿನಿಂದ ಪ್ರಯಾಣಿಕರನ್ನು ಗಂಟುಮೂಟೆ ಸಮೇತ ಕರೆತರುತ್ತಿದ್ದ ಇದೇ ಬಗೆಯ ವಾಹನಕ್ಕೆ ಸ್ಟೇಷನ್ ವ್ಯಾಗನ್ ಎಂದು ಹೆಸರಾಯಿತು. ಈ ವರ್ಗದಲ್ಲಿ ದೀರ್ಘಾಯುಷ್ಯಕ್ಕೆ ಹೆಸರಾದದ್ದು ಸ್ವೀಡನ್ನಿನ ವೋಲ್ವೊ ೨೪೦. ೧೯೭೪ರಿಂದ ೧೯೯೩ರವರೆಗೆ ೨೮ ಲಕ್ಷಕ್ಕೂ ಮಿಕ್ಕಿ ತಯಾರಾದ ಈ ಕಾರುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಎಸ್ಟೇಟ್ ಮಾದರಿಯವು. ಉತ್ಪಾದನೆ ನಿಂತು ದಶಕಗಳು ಕಳೆದಿದ್ದರೂ ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಅವು ಇನ್ನೂ ರಸ್ತೆಯ ಮೇಲೆ ಕಾಣಸಿಗುತ್ತವೆ. ನಮ್ಮ ಲೆಕ್ಕಕ್ಕೆ ಅಂಥದೊಂದು ಕಾರನ್ನೇ ಮನಸ್ಸಿನಲ್ಲಿಟ್ಟುಕೊಳ್ಳೋಣ.

ಒಂದು ಲೀಟರ್ ಪೆಟ್ರೋಲಿನ ವಿನಿಯೋಗ

ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ೩೨ ಮೆಗಾಜೂಲ್, ಎಂದರೆ ೩ ಕೋಟಿ ೨೦ ಲಕ್ಷ ಜೂಲ್ ಶಕ್ತಿ ಹೊರಬೀಳುತ್ತದೆ. ಇದೆಷ್ಟು ಅಗಾಧವಾದುದೆಂದರೆ, ಅದನ್ನೆಲ್ಲ ನಷ್ಟವಿಲ್ಲದೆ ಬಳಸಿಕೊಳ್ಳುವುದಾದರೆ ೧,೫೦೦ ಕಿಲೋಗ್ರಾಂ ತೂಕದ ಕಾರನ್ನು ಎರಡು ಸಾವಿರ ಮೀಟರಿಗೂ ಹೆಚ್ಚು ಎತ್ತರಕ್ಕೆ ಎತ್ತಬಹುದು. ಸಮುದ್ರಮಟ್ಟದಲ್ಲಿದ್ದ ಕಾರು ಮುಳ್ಳಯ್ಯನಗಿರಿಯ ನೆತ್ತಿಯನ್ನು ಮೀರಿ ಮೇಲೇರುತ್ತದೆ. ಹೀಗಿದ್ದೂ ಅದೇ ಲೀಟರಿನಿಂದ ಕಾರು ಸಮತಟ್ಟಾದ ರಸ್ತೆಯಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಮಾತ್ರ ಓಡುವುದೇಕೆ?

ಮೊದಲ ಕಾರಣ ಎಂಜಿನ್ನಿನ ದಕ್ಷತೆ. ಶಾಖವನ್ನು ಸಂಪೂರ್ಣವಾಗಿ ಕೆಲಸವನ್ನಾಗಿ ಪರಿವರ್ತಿಸುವ ಯಂತ್ರ ಇರಲಾರದು ಎಂಬುದು ಉಷ್ಣಗತಿವಿಜ್ಞಾನದ ಎರಡನೆಯ ನಿಯಮದ ಸಾರ. ಸಿಲಿಂಡರಿನೊಳಗಿನ ಅನಿಲವನ್ನು ಹತ್ತನೆಯ ಒಂದು ಪಾಲಿಗೆ ಅದುಮುವ ಪೆಟ್ರೋಲ್ ಎಂಜಿನ್ನಿಗೆ, ಕಾಗದದ ಮೇಲಿನ ಆದರ್ಶ ಲೆಕ್ಕದಲ್ಲಿಯೇ, ದಕ್ಷತೆ ಶೇಕಡ ೬೦ನ್ನು ಮೀರಿ ಹೆಚ್ಚೇನೂ ಹೋಗುವುದಿಲ್ಲ. ನಿಜವಾದ ಎಂಜಿನ್ನಿನಲ್ಲಿ ಸಿಲಿಂಡರಿನ ಗೋಡೆಗಳು ಶಾಖವನ್ನು ಹೀರುತ್ತವೆ, ಬಿಸಿ ಹೊಗೆ ಹಿಂದಿನ ಕೊಳವೆಯಿಂದ ಹೊರಟುಹೋಗುತ್ತದೆ, ಘರ್ಷಣೆ ತನ್ನ ಪಾಲನ್ನು ಕಿತ್ತುಕೊಳ್ಳುತ್ತದೆ. ಕೊನೆಗೆ ಚಕ್ರಗಳಿಗೆ ತಲಪುವುದು, ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವಾಗ, ಸುಮಾರು ಕಾಲು ಭಾಗ.

ದೊಡ್ಡ ಎಂಜಿನ್ನಿಗೆ ಇದರ ಜೊತೆಗೆ ಇನ್ನೊಂದು ಅನನುಕೂಲವಿದೆ. ಪೆಟ್ರೋಲ್ ಎಂಜಿನ್ನಿನ ಬಲವನ್ನು ತಗ್ಗಿಸಬೇಕಾದಾಗ ಒಳಗೆ ಹೋಗುವ ಗಾಳಿಯ ದಾರಿಯನ್ನೇ ಕಿರಿದು ಮಾಡುತ್ತಾರೆ. ಆಗ ಎಂಜಿನ್, ಮೂಗನ್ನು ಅರೆಬರೆ ಮುಚ್ಚಿಕೊಂಡು ಉಸಿರೆಳೆಯುವ ಮನುಷ್ಯನಂತೆ, ಗಾಳಿಯನ್ನು ಎಳೆದುಕೊಳ್ಳುವುದಕ್ಕೇ ಶ್ರಮಿಸಬೇಕಾಗುತ್ತದೆ. ೨.೩ ಲೀಟರ್ ಗಾತ್ರದ ಎಂಜಿನ್ ಭಾರವನ್ನು ಎಳೆಯಲು ಸಮರ್ಥವೇ ಸರಿ. ಆದರೆ ಊರೊಳಗೆ ಒಬ್ಬನೇ ಸವಾರನನ್ನು ಹೊತ್ತು ತೆವಳುವಾಗ ತನ್ನ ಸಾಮರ್ಥ್ಯದ ಅಲ್ಪಭಾಗವನ್ನು ಮಾತ್ರ ಬಳಸುವುದರಿಂದ ಅದರ ದಕ್ಷತೆ ಶೇಕಡ ೧೫ರ ಆಸುಪಾಸಿಗೆ ಇಳಿಯಬಹುದು.

ಎರಡನೆಯ ಕಾರಣ ರಸ್ತೆಯೂ ಗಾಳಿಯೂ ಒಡ್ಡುವ ತಡೆ. ಟೈರು ಉರುಳುವಾಗ ಅದರ ರಬ್ಬರು ನಿರಂತರವಾಗಿ ಅದುಮಿ ಸಡಿಲಗೊಂಡು ಬಿಸಿಯಾಗುತ್ತದೆ. ಈ ತಡೆಯನ್ನು ತೂಕದ ಸಾವಿರದ ಹನ್ನೆರಡು ಪಾಲು ಎಂದಿಟ್ಟುಕೊಂಡರೆ ನಮ್ಮ ಕಾರಿಗೆ ಸುಮಾರು ೧೭೫ ನ್ಯೂಟನ್ ಆಗುತ್ತದೆ. ವೇಗ ಹೆಚ್ಚಿದರೂ ಇದು ಬಹಳ ಬದಲಾಗುವುದಿಲ್ಲ. ಗಾಳಿಯ ತಡೆಯ ಸ್ವಭಾವವೇ ಬೇರೆ. ಅದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಚೌಕಾಕಾರದ ಇಂಥ ಕಾರಿಗೆ ಗಂಟೆಗೆ ೮೦ ಕಿಲೋಮೀಟರ್ ವೇಗದಲ್ಲಿ ಅದು ೨೫೦ ನ್ಯೂಟನ್ ಎಂದು ಭಾವಿಸಿದರೆ, ೧೧೦ ಕಿಲೋಮೀಟರಿನಲ್ಲಿ ೪೭೫ ನ್ಯೂಟನ್ ಆಗುತ್ತದೆ. ಬಲವನ್ನು ದೂರದಿಂದ ಗುಣಿಸಿದರೆ ಕೆಲಸ. ಆದುದರಿಂದ ನೂರು ಕಿಲೋಮೀಟರ್ ಪಯಣಕ್ಕೆ ಮೊದಲ ವೇಗದಲ್ಲಿ ಚಕ್ರಗಳಿಗೆ ಬೇಕಾದುದು ೪೨.೫ ಮೆಗಾಜೂಲ್, ಎರಡನೆಯ ವೇಗದಲ್ಲಿ ೬೫ ಮೆಗಾಜೂಲ್. ಕಾಲು ಭಾಗದ ದಕ್ಷತೆಯಲ್ಲಿ ಇವು ಕ್ರಮವಾಗಿ ೫.೩ ಮತ್ತು ೮.೧ ಲೀಟರ್ ಪೆಟ್ರೋಲಿಗೆ ಸಮ. ಹೊರಡುವ ಮುನ್ನ ಚಾವಣಿಯ ಮೇಲೆ ಪೆಟ್ಟಿಗೆಗಳನ್ನು ಕಟ್ಟಿದವನು ಗಾಳಿಯ ತಡೆಯನ್ನು ತಾನೇ ಹೆಚ್ಚಿಸಿಕೊಂಡಂತಾಯಿತು.

ಊರೊಳಗಿನ ಲೆಕ್ಕದಲ್ಲಿ ಗಾಳಿಯ ಪಾತ್ರ ಅಲ್ಪ, ಜಡತ್ವದ ಪಾತ್ರ ಹಿರಿದು. ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿರುವ ೧,೫೦೦ ಕಿಲೋಗ್ರಾಂ ಕಾರಿನ ಚಲನಶಕ್ತಿ ಸುಮಾರು ೧,೪೫,೦೦೦ ಜೂಲ್. ಬ್ರೇಕು ಹಾಕಿದೊಡನೆ ಇದೆಲ್ಲ ಶಾಖವಾಗಿ ವಾತಾವರಣಕ್ಕೆ ಸೇರಿಹೋಗುತ್ತದೆ. ಮತ್ತೆ ಹೊರಡಲು ಅಷ್ಟನ್ನೂ ಹೊಸದಾಗಿ ಪೆಟ್ರೋಲಿನಿಂದಲೇ ಪಡೆಯಬೇಕು. ಕಿಲೋಮೀಟರಿಗೆ ಎರಡು ಬಾರಿ ನಿಂತು ಹೊರಟರೆ ನೂರು ಕಿಲೋಮೀಟರಿಗೆ ೨೯ ಮೆಗಾಜೂಲ್ ಬ್ರೇಕಿನ ಪಾಲಾಗುತ್ತದೆ. ಉರುಳುವ ತಡೆಯನ್ನೂ ನಿಧಾನಗತಿಯ ಗಾಳಿತಡೆಯನ್ನೂ ಕೂಡಿಸಿದರೆ ಸುಮಾರು ೫೧ ಮೆಗಾಜೂಲ್. ಅದನ್ನು ಶೇಕಡ ೧೫ರ ದಕ್ಷತೆಯಿಂದ ಭಾಗಿಸಿ, ಕೆಂಪುದೀಪದ ಮುಂದೆ ನಿಂತಲ್ಲೇ ಉರಿಯುವುದನ್ನೂ ಸೇರಿಸಿದರೆ ೧೨ ಲೀಟರಿನ ಹತ್ತಿರ ಬರುತ್ತದೆ. ವಿದ್ಯುತ್ ಮೋಟಾರನ್ನು ಜೊತೆಗೂಡಿಸಿಕೊಂಡ ಹೈಬ್ರಿಡ್ ಕಾರುಗಳು ಊರೊಳಗೆ ಮಿತವ್ಯಯಿಗಳಾಗಿರುವುದರ ರಹಸ್ಯ ಇದೇ: ಅವು ಬ್ರೇಕಿನಲ್ಲಿ ನಷ್ಟವಾಗಬೇಕಾದ ಚಲನಶಕ್ತಿಯ ಒಂದಂಶವನ್ನು ಬ್ಯಾಟರಿಗೆ ಹಿಂದಿರುಗಿಸುತ್ತವೆ.

ಅಳತೆಯ ಮರೀಚಿಕೆ

ನಾವು ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುತ್ತೇವೆ. ಬ್ರಿಟನ್ನಿನವರು ಗ್ಯಾಲನ್ನಿಗೆ ಎಷ್ಟು ಮೈಲಿ ಎಂದು ಕೇಳುತ್ತಾರೆ. ಯೂರೋಪು ಖಂಡದವರು ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಕೇಳುತ್ತಾರೆ. ಮೂರೂ ಒಂದೇ ಎಂದು ತೋರಿದರೂ ಮೊದಲೆರಡು ಅಳತೆಗಳು ಬುದ್ಧಿಗೆ ಮಂಕು ಕವಿಸುತ್ತವೆ. ಲೀಟರಿಗೆ ೮ ಕಿಲೋಮೀಟರ್ ಓಡುವ ಕಾರನ್ನು ಬಿಟ್ಟು ೧೦ ಕಿಲೋಮೀಟರ್ ಓಡುವುದನ್ನು ಒಬ್ಬನು ಕೊಂಡನೆನ್ನಿ. ಮತ್ತೊಬ್ಬನು ೧೬ ಕಿಲೋಮೀಟರಿನದನ್ನು ಬಿಟ್ಟು ೨೦ ಕಿಲೋಮೀಟರಿನದನ್ನು ಕೊಂಡನು. ಯಾರ ಉಳಿತಾಯ ಹೆಚ್ಚು? ಎರಡನೆಯವನದೆಂದು ಅನೇಕರು ಥಟ್ಟನೆ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ: ೧೦,೦೦೦ ಕಿಲೋಮೀಟರಿಗೆ ಮೊದಲನೆಯವನ ಬಳಕೆ ೧,೨೫೦ ಲೀಟರಿನಿಂದ ೧,೦೦೦ಕ್ಕೆ ಇಳಿಯಿತು, ಎರಡನೆಯವನದು ೬೨೫ರಿಂದ ೫೦೦ಕ್ಕೆ. ಮೊದಲನೆಯವನು ೨೫೦ ಲೀಟರ್ ಉಳಿಸಿದನು, ಎರಡನೆಯವನು ೧೨೫ ಮಾತ್ರ. ದೊಡ್ಡ ಕಾರಿನಲ್ಲಿ ಚಿಕ್ಕದೆಂದು ತೋರುವ ಸುಧಾರಣೆಯೂ ಹೆಚ್ಚು ಇಂಧನವನ್ನು ಉಳಿಸುತ್ತದೆ. ಹಣ ಹೋಗುವುದು ಲೀಟರಿನ ಲೆಕ್ಕದಲ್ಲಾದುದರಿಂದ, ದೂರಕ್ಕೆ ಇಷ್ಟು ಲೀಟರ್ ಎಂಬ ಅಳತೆಯೇ ಲೆಕ್ಕಕ್ಕೆ ಯೋಗ್ಯವಾದುದು.

ಕಾಲವು ವಸೂಲು ಮಾಡುವ ಖರ್ಚು

ಇಲ್ಲಿಯವರೆಗೆ ಹೇಳಿದುದು ದೂರದ ಖರ್ಚು. ಕಾರು ನಿಂತಿದ್ದರೆ ಪೆಟ್ರೋಲ್ ಖರ್ಚಾಗದು, ಟೈರು ಸವೆಯದು. ಆದರೆ ನಿಂತಿದ್ದರೂ ಆಗುವ ಖರ್ಚುಗಳುಂಟು. ವಿಮೆ ಮತ್ತು ತೆರಿಗೆ ಎಲ್ಲರೂ ಬಲ್ಲವು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಮೂರು ವರ್ಷ ತುಂಬಿದ ಕಾರನ್ನು ಪ್ರತಿವರ್ಷವೂ ಸುರಕ್ಷತೆಯ ಪರೀಕ್ಷೆಗೆ ಒಡ್ಡಬೇಕು. ತೇರ್ಗಡೆಯಾಗದಿದ್ದರೆ ದುರಸ್ತಿ ಮಾಡಿಸಲೇಬೇಕು. ಹಳೆಯ ಕಾರುಗಳಿಗೆ ಅಲ್ಲಿ ಅನೇಕವೇಳೆ ಮರಣಶಾಸನ ಬರೆಯುವುದು ಎಂಜಿನ್ ಅಲ್ಲ, ತುಕ್ಕು. ಚಳಿಗಾಲದಲ್ಲಿ ರಸ್ತೆಯ ಮೇಲೆ ಮಂಜುಗಟ್ಟದಿರಲೆಂದು ಉಪ್ಪು ಎರಚುತ್ತಾರೆ. ಉಪ್ಪುನೀರು ಉತ್ತಮ ವಿದ್ಯುದ್ವಾಹಕವಾದುದರಿಂದ ಕಬ್ಬಿಣದ ಮೇಲೆ ನಡೆಯುವ ವಿದ್ಯುದ್ರಾಸಾಯನಿಕ ಕ್ರಿಯೆ ತೀವ್ರವಾಗಿ, ತಳದ ಉಕ್ಕು ತೂತುಬೀಳುತ್ತದೆ.

ಲೋಹವಲ್ಲದ ಭಾಗಗಳನ್ನೂ ಕಾಲ ಬಿಡುವುದಿಲ್ಲ. ಗಾಳಿಯ ಆಕ್ಸಿಜನ್ ಮತ್ತು ಓಜೋನ್ ತಗುಲಿ ರಬ್ಬರು ಗಡುಸಾಗಿ ಬಿರುಕುಬಿಡುತ್ತದೆ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರಿಕೊಂಡು ಬೇಗ ಕುದಿಯುವಂತಾಗುವುದರಿಂದ ಅದನ್ನು ಕಾಲಕಾಲಕ್ಕೆ ಬದಲಾಯಿಸಬೇಕು. ವೋಲ್ವೊ ೨೪೦ರ ವಿಷಯದಲ್ಲಿಯೇ ೧೯೮೦ರ ದಶಕದ ಪೂರ್ವಾರ್ಧದ ಕಾರುಗಳಲ್ಲಿ ಎಂಜಿನ್ನಿನ ಸುತ್ತಲಿನ ವಿದ್ಯುತ್ ತಂತಿಗಳ ಹೊದಿಕೆ ಶಾಖಕ್ಕೆ ಪುಡಿಪುಡಿಯಾಗುತ್ತಿದ್ದುದು ಪ್ರಸಿದ್ಧ. ಇಡೀ ತಂತಿಗಳ ಕಟ್ಟನ್ನೇ ಬದಲಾಯಿಸಬೇಕಾಗುತ್ತಿತ್ತು. ಅದೇ ಕಾರಿನ ಓಡಿದ ದೂರ ತೋರಿಸುವ ಯಂತ್ರದಲ್ಲಿನ ಪುಟ್ಟ ಪ್ಲಾಸ್ಟಿಕ್ ಹಲ್ಲುಗಾಲಿ ಮುರಿದು, ಕಾರು ಓಡುತ್ತಲೇ ಇದ್ದರೂ ಲೆಕ್ಕ ನಿಂತುಹೋಗುವುದೂ ಅಪರೂಪವಲ್ಲ. ಎಂಜಿನ್ನಿನ ಕಬ್ಬಿಣ ಗಟ್ಟಿಯಾಗಿದ್ದರೂ ಸಾಲದು. ವಾಹನದ ಆಯುಷ್ಯವನ್ನು ಅದರ ಅತಿ ದುರ್ಬಲ ಭಾಗಗಳೂ ನಿರ್ಧರಿಸುತ್ತವೆ.

ಕಡಮೆ ಓಡಿದ ಕಾರು ಒಳ್ಳೆಯ ಕಾರು ಎಂಬ ನಂಬಿಕೆ ಯಾವಾಗಲೂ ನಿಜವಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಉತ್ಪನ್ನವಾಗುತ್ತದೆ. ಎಂಜಿನ್ ಬಿಸಿಯಾಗಿದ್ದರೆ ಅದು ಹೊರಟುಹೋಗುತ್ತದೆ. ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಕಾರಿನಲ್ಲಿ ಆವಿಯ ಒಂದಂಶ ತಂಪಾದ ಲೋಹದ ಮೇಲೆ ಹನಿಗಟ್ಟಿ, ಹೊಗೆಕೊಳವೆಗೆ ತುಕ್ಕು ಹಿಡಿಸುತ್ತದೆ, ಎಣ್ಣೆಯನ್ನು ಕೆಡಿಸುತ್ತದೆ. ಇದರ ವಿರುದ್ಧ ಕೊನೆಯ ನಿದರ್ಶನ ಅಮೆರಿಕದ ಶಾಲಾ ಉಪಾಧ್ಯಾಯ ಇರ್ವ್ ಗಾರ್ಡನ್. ೧೯೬೬ರಲ್ಲಿ ಕೊಂಡ ವೋಲ್ವೊ ಪಿ ೧೮೦೦ ಎಂಬ ಕಾರಿನಲ್ಲಿ ಅವರು ೨೦೧೩ರಲ್ಲಿ ಮೂವತ್ತು ಲಕ್ಷ ಮೈಲಿಗಳನ್ನು, ಎಂದರೆ ೪೮ ಲಕ್ಷ ಕಿಲೋಮೀಟರುಗಳನ್ನು ಪೂರೈಸಿದರು. ಅದು ಎಸ್ಟೇಟ್ ಅಲ್ಲ, ಎರಡು ಬಾಗಿಲಿನ ಕಾರು. ಆದರೆ ಪಾಠ ಎಲ್ಲಕ್ಕೂ ಒಂದೇ: ಬಿಸಿಯಾದ ಎಂಜಿನ್ನಿನಲ್ಲಿ ದೂರದೂರದ ಪಯಣ, ತಪ್ಪದೆ ಎಣ್ಣೆ ಬದಲಾವಣೆ.

ಸವಕಳಿಯ ವಕ್ರರೇಖೆ

ಕಾಲದ ಖರ್ಚುಗಳಲ್ಲೆಲ್ಲ ದೊಡ್ಡದು ಬೆಲೆಯ ಸವಕಳಿ. ಯಾರೂ ಇದಕ್ಕೆ ಬಿಲ್ಲು ಕಳುಹಿಸುವುದಿಲ್ಲವಾದುದರಿಂದ ಇದು ಕಣ್ಣಿಗೆ ಬೀಳದು. ಹೊಸ ದೊಡ್ಡ ಎಸ್ಟೇಟ್ ಕಾರಿಗೆ ೩೦,೦೦೦ ಪೌಂಡ್ ಕೊಟ್ಟರೆಂದೂ ಪ್ರತಿವರ್ಷ ಅದು ಉಳಿದ ಬೆಲೆಯ ಶೇಕಡ ೧೫ನ್ನು ಕಳೆದುಕೊಳ್ಳುತ್ತದೆಂದೂ ಭಾವಿಸೋಣ. ವಿಕಿರಣಶೀಲ ಧಾತುವಿನ ಕ್ಷಯವನ್ನು ಓದಿದ ವಿದ್ಯಾರ್ಥಿಗಳು ಈ ವಕ್ರರೇಖೆಯನ್ನು ಗುರುತಿಸದೆ ಇರಲಾರರು. ಇಂಥ ಕಾರಿನ ಬೆಲೆಯ ಅರ್ಧಾಯು ಸುಮಾರು ನಾಲ್ಕೂಕಾಲು ವರ್ಷ. ಮೊದಲ ವರ್ಷದಲ್ಲಿ ಕರಗುವುದು ೪,೫೦೦ ಪೌಂಡ್. ಹದಿನಾರನೆಯ ವರ್ಷದಲ್ಲಿ ೪೦೦ ಪೌಂಡಿಗೂ ಕಡಮೆ.

ದುರಸ್ತಿಯ ಖರ್ಚು ಇದಕ್ಕೆ ವಿರುದ್ಧವಾಗಿ ವಯಸ್ಸಿನೊಡನೆ ಏರುತ್ತದೆ. ಮೊದಲ ವರ್ಷ ೧೫೦ ಪೌಂಡ್, ಎರಡನೆಯದರಲ್ಲಿ ೩೦೦, ಮೂರನೆಯದರಲ್ಲಿ ೪೫೦, ಹೀಗೆ ಸಮನಾಗಿ ಏರುತ್ತ ಹೋಗುವುದೆಂದು ಇಟ್ಟುಕೊಳ್ಳಿ. ಇಳಿಯುವ ಸವಕಳಿಯನ್ನೂ ಏರುವ ದುರಸ್ತಿಯನ್ನೂ ಕೂಡಿಸಿ, ಕಾರನ್ನು ಇಟ್ಟುಕೊಂಡ ವರ್ಷಗಳಿಂದ ಭಾಗಿಸಿದರೆ ವರ್ಷದ ಸರಾಸರಿ ಖರ್ಚು ದೊರೆಯುತ್ತದೆ. ಮೂರು ವರ್ಷಕ್ಕೆ ಮಾರಿದರೆ ಅದು ೪,೧೫೯ ಪೌಂಡ್; ಐದು ವರ್ಷಕ್ಕೆ ೩,೭೮೮; ಹತ್ತಕ್ಕೆ ೩,೨೩೪; ಹದಿನೈದಕ್ಕೆ ೩,೦೨೫; ಹದಿನೆಂಟಕ್ಕೆ ೩,೦೦೨; ಇಪ್ಪತ್ತಕ್ಕೆ ೩,೦೧೭.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಸರಾಸರಿಯು ಹದಿನೆಂಟನೆಯ ವರ್ಷದವರೆಗೆ ಇಳಿದು, ಅನಂತರ ಏರತೊಡಗುತ್ತದೆ. ಬರುವ ಒಂದು ವರ್ಷದ ಖರ್ಚು ಇದುವರೆಗಿನ ಸರಾಸರಿಗಿಂತ ಕಡಮೆಯಾಗಿರುವವರೆಗೆ ಕಾರನ್ನು ಇಟ್ಟುಕೊಳ್ಳುವುದು ಲಾಭ, ಮೀರಿದೊಡನೆ ನಷ್ಟ, ಇದೇ ನಿಯಮ. ಎರಡನೆಯದಾಗಿ, ಈ ರೇಖೆಯ ತಳ ಬಹಳ ಚಪ್ಪಟೆ. ಹದಿನೈದನೆಯ ವರ್ಷದಲ್ಲಿ ಬಿಟ್ಟರೂ ಇಪ್ಪತ್ತನೆಯದರಲ್ಲಿ ಬಿಟ್ಟರೂ ವ್ಯತ್ಯಾಸ ಅತ್ಯಲ್ಪ. ಬಿಡುವ ವರ್ಷದ ಬಗೆಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ; ಮೂರು ವರ್ಷಕ್ಕೊಮ್ಮೆ ಹೊಸದು ಕೊಳ್ಳುವ ಚಟದಿಂದ ಮಾತ್ರ ದೂರವಿರಬೇಕು. ಅಂಕಿಗಳು ನಾವು ಕಲ್ಪಿಸಿಕೊಂಡವು. ಬೇರೆ ಕಾರಿಗೆ ಅವು ಬೇರೆಯಾಗುತ್ತವೆ. ಆದರೆ ಒಂದು ಇಳಿಯುವ, ಒಂದು ಏರುವ ಖರ್ಚು ಕೂಡಿದಾಗ ರೇಖೆ ತಳೆಯುವ ಆಕಾರ ಇದೇ.

ಇಟ್ಟುಕೊಳ್ಳಬೇಕೆ, ಬಿಡಬೇಕೆ?

ಈಗ ಮೂಲ ಪ್ರಶ್ನೆಗೆ ಬರೋಣ. ಒಬ್ಬನಲ್ಲಿ ಹದಿನೈದು ವರ್ಷ ತುಂಬಿದ, ಊರ ಓಟವೇ ಹೆಚ್ಚಾಗಿ ನೂರು ಕಿಲೋಮೀಟರಿಗೆ ಸರಾಸರಿ ೧೧ ಲೀಟರ್ ಕುಡಿಯುವ ಎಸ್ಟೇಟ್ ಕಾರಿದೆ. ಅದನ್ನು ಬಿಟ್ಟು ೩೦,೦೦೦ ಪೌಂಡಿನ, ೭ ಲೀಟರ್ ಮಾತ್ರ ಬೇಡುವ ಹೈಬ್ರಿಡ್ ಎಸ್ಟೇಟ್ ಕೊಂಡು, ಐದು ವರ್ಷ ಬಳಸಿ ಮಾರಬೇಕೆಂದು ಅವನ ಆಲೋಚನೆ. ಹಳೆಯದನ್ನು ಇನ್ನೊಂದು ವರ್ಷ ಇಟ್ಟುಕೊಂಡರೆ ಸವಕಳಿ ೩೯೩, ದುರಸ್ತಿ ೨,೪೦೦, ಒಟ್ಟು ೨,೭೯೩ ಪೌಂಡ್. ಹೊಸದಕ್ಕೆ, ಅದೇ ಸವಕಳಿ ದುರಸ್ತಿಗಳ ಲೆಕ್ಕದಲ್ಲಿ, ವರ್ಷಕ್ಕೆ ಸರಾಸರಿ ೩,೭೮೮ ಪೌಂಡ್. ಕಾಲದ ಖರ್ಚಿನಲ್ಲಿ ಹಳೆಯದಕ್ಕೆ ೯೯೫ ಪೌಂಡಿನ ಅನುಕೂಲ. ದೂರದ ಖರ್ಚಿನಲ್ಲಿ ಹೊಸದಕ್ಕೆ ಅನುಕೂಲ: ಪೆಟ್ರೋಲ್ ಲೀಟರಿಗೆ ೧.೪೦ ಪೌಂಡ್ ಎಂದು ಹಿಡಿದರೆ ನೂರು ಕಿಲೋಮೀಟರಿಗೆ ೫.೬೦ ಪೌಂಡ್ ಉಳಿಯುತ್ತದೆ. ೯೯೫ ಪೌಂಡ್ ಉಳಿಯಬೇಕಾದರೆ ವರ್ಷಕ್ಕೆ ಸುಮಾರು ೧೭,೮೦೦ ಕಿಲೋಮೀಟರ್ ಓಡಬೇಕು.

ಇದರಿಂದ ಹೊರಡುವ ತೀರ್ಮಾನ ಸ್ಪಷ್ಟ. ಕಾರು ಎಷ್ಟು ಪೆಟ್ರೋಲ್ ಕುಡಿಯುತ್ತದೆ, ಎಷ್ಟು ಹಳೆಯದು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ಮಾತ್ರಕ್ಕೆ ಏನನ್ನೂ ನಿರ್ಧರಿಸಲಾಗದು. ವರ್ಷಕ್ಕೆ ಎಷ್ಟು ದೂರ ಓಡುತ್ತದೆ ಎಂಬುದೇ ನಿರ್ಣಾಯಕವಾದ ಪ್ರಶ್ನೆ. ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರ್ ಓಡಿಸುವ ಮನೆಯವನಿಗೆ ಹಳೆಯ ಹೊಟ್ಟೆಬಾಕ ಕಾರೇ ಅಗ್ಗ. ಮೂವತ್ತು ಸಾವಿರ ಓಡಿಸುವ ವ್ಯಾಪಾರಿಗೆ ಅದೇ ಕಾರು ದುಬಾರಿ.

ವಾತಾವರಣದ ಲೆಕ್ಕವೂ ಇದೇ ಜಾಡಿನದು. ಒಂದು ಲೀಟರ್ ಪೆಟ್ರೋಲಿನಿಂದ ಸುಮಾರು ೨.೩ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹೊಸ ಕಾರಿನ ಉಕ್ಕು, ಅಲ್ಯುಮಿನಿಯಂ, ಪ್ಲಾಸ್ಟಿಕ್ಕುಗಳನ್ನು ತಯಾರಿಸುವಾಗಲೂ ಈ ಅನಿಲ ಟನ್ನುಗಟ್ಟಲೆ ಹೊರಬೀಳುತ್ತದೆ. ಅದು ಏಳು ಟನ್ ಎಂದು ಭಾವಿಸಿ. ವರ್ಷಕ್ಕೆ ೧೫,೦೦೦ ಕಿಲೋಮೀಟರ್ ಓಡುವಾತ ನಾಲ್ಕು ಲೀಟರಿನ ಮೇಲ್ಕಂಡ ವ್ಯತ್ಯಾಸದಿಂದ ೬೦೦ ಲೀಟರ್, ಎಂದರೆ ೧.೩೮ ಟನ್ ಅನಿಲವನ್ನು ಉಳಿಸುತ್ತಾನೆ. ತಯಾರಿಕೆಯ ಸಾಲ ಐದು ವರ್ಷಗಳಲ್ಲಿ ತೀರುತ್ತದೆ. ಐದು ಸಾವಿರ ಮಾತ್ರ ಓಡುವಾತನ ಸಾಲ ತೀರಲು ಹದಿನೈದು ವರ್ಷ ಬೇಕು.

ಸರ್ಕಾರಗಳು ಹಾಕಿದ ಲೆಕ್ಕ

ಅಮೆರಿಕದ ಸರ್ಕಾರ ೨೦೦೯ರ ಬೇಸಗೆಯಲ್ಲಿ ಒಂದು ಯೋಜನೆಯನ್ನು ಜಾರಿಗೆ ತಂದಿತು. ಆರ್ಥಿಕ ಕುಸಿತದಿಂದ ಕಂಗೆಟ್ಟಿದ್ದ ಕಾರು ಉದ್ಯಮಕ್ಕೆ ಆಸರೆ ಕೊಡುವುದೂ ಇಂಧನವನ್ನು ಉಳಿಸುವುದೂ ಅದರ ಉದ್ದೇಶ. ಗ್ಯಾಲನ್ನಿಗೆ ೧೮ ಮೈಲಿ ಅಥವಾ ಅದಕ್ಕೂ ಕಡಮೆ ಓಡುವ, ೨೫ ವರ್ಷ ತುಂಬದ ಹಳೆಯ ಕಾರನ್ನು ಒಪ್ಪಿಸಿ ಮಿತವ್ಯಯದ ಹೊಸ ಕಾರನ್ನು ಕೊಂಡವರಿಗೆ ೩,೫೦೦ ಅಥವಾ ೪,೫೦೦ ಡಾಲರ್ ದೊರೆಯುತ್ತಿತ್ತು. ಸುಮಾರು ೬ ಲಕ್ಷ ೭೭ ಸಾವಿರ ವಾಹನಗಳು ಹೀಗೆ ಒಪ್ಪಿಸಲ್ಪಟ್ಟವು. ಅವು ಮತ್ತೆ ರಸ್ತೆಗೆ ಬಾರದಂತೆ ಎಂಜಿನ್ನಿನ ಎಣ್ಣೆಯನ್ನು ಹೊರಹರಿಸಿ, ಬದಲಿಗೆ ಸೋಡಿಯಂ ಸಿಲಿಕೇಟಿನ ದ್ರಾವಣವನ್ನು ಸುರಿದು, ಎಂಜಿನ್ನನ್ನು ಓಡಿಸುತ್ತಿದ್ದರು. ಶಾಖಕ್ಕೆ ನೀರು ಆವಿಯಾಗಿ, ಉಳಿದ ಗಾಜಿನಂಥ ವಸ್ತು ಬೇರಿಂಗುಗಳಲ್ಲಿ ಗಟ್ಟಿಯಾಗಿ, ಕೆಲವೇ ನಿಮಿಷಗಳಲ್ಲಿ ಎಂಜಿನ್ ಶಾಶ್ವತವಾಗಿ ಕಚ್ಚಿಕೊಳ್ಳುತ್ತಿತ್ತು.

ಒಪ್ಪಿಸಿದ ವಾಹನಗಳ ಸರಾಸರಿ ಗ್ಯಾಲನ್ನಿಗೆ ೧೫.೮ ಮೈಲಿ, ಕೊಂಡವುಗಳದು ೨೪.೯ ಮೈಲಿ. ಅಮೆರಿಕದ ಗ್ಯಾಲನ್ ಬ್ರಿಟಿಷ್ ಗ್ಯಾಲನ್ನಿಗಿಂತ ಚಿಕ್ಕದು. ಅದನ್ನು ಗಮನಿಸಿ ಪರಿವರ್ತಿಸಿದರೆ ನೂರು ಕಿಲೋಮೀಟರಿಗೆ ೧೪.೯ ಲೀಟರಿನಿಂದ ೯.೪ ಲೀಟರಿಗೆ ಇಳಿದಂತಾಯಿತು. ಇದು ಸಣ್ಣ ಉಳಿತಾಯವಲ್ಲ. ಬಹಳ ಓಡುವ ವಾಹನದ ಮಟ್ಟಿಗೆ ಯೋಜನೆ ಸಾರ್ಥಕವೇ. ಆದರೆ ನಿಯಮಗಳು ಕೇಳಿದುದು ಗ್ಯಾಲನ್ನಿನ ಮೈಲಿಯನ್ನು, ವಯಸ್ಸನ್ನು, ಹಿಂದಿನ ಒಂದು ವರ್ಷದ ನೋಂದಣಿ ವಿಮೆಗಳನ್ನು. ವರ್ಷಕ್ಕೆ ಎಷ್ಟು ದೂರ ಓಡುತ್ತಿತ್ತೆಂಬುದನ್ನು ಕೇಳಲಿಲ್ಲ. ವಾರಕ್ಕೊಮ್ಮೆ ಸಂತೆಗೆ ಹೋಗಿಬರುತ್ತಿದ್ದ ಕಾರಿಗೂ ದಿನಕ್ಕೆ ನೂರು ಕಿಲೋಮೀಟರ್ ಓಡುತ್ತಿದ್ದುದಕ್ಕೂ ಒಂದೇ ಶಿಕ್ಷೆ.

ಲಂಡನ್ ನಗರ ಹಿಡಿದ ದಾರಿ ಬೇರೆ. ಯೂರೋಪಿನ ನಾಲ್ಕನೆಯ ಹೊಗೆ ಮಾನಕವನ್ನು ಮುಟ್ಟದ ಪೆಟ್ರೋಲ್ ಕಾರುಗಳು ನಗರದೊಳಗೆ ಓಡುವ ಪ್ರತಿದಿನಕ್ಕೂ ೧೨.೫೦ ಪೌಂಡ್ ತೆರಬೇಕೆಂಬ ನಿಯಮವನ್ನು ೨೦೨೩ರ ಆಗಸ್ಟ್ ೨೯ರಂದು ಲಂಡನ್ನಿನ ಎಲ್ಲ ಭಾಗಗಳಿಗೂ ವಿಸ್ತರಿಸಿದರು. ನಮ್ಮ ಹಿಂದಿನ ಲೆಕ್ಕದ ೯೯೫ ಪೌಂಡಿನ ಅನುಕೂಲ, ಈ ಸುಂಕಕ್ಕೆ ಒಳಪಡುವ ಕಾರಿನಲ್ಲಿ, ಎಂಬತ್ತು ದಿನಗಳ ಓಡಾಟಕ್ಕೆ ಮುಗಿದುಹೋಗುತ್ತದೆ. ಇದು ಕಠಿಣವೆಂದು ತೋರಿದರೂ ಇದರಲ್ಲಿ ಒಂದು ನ್ಯಾಯವಿದೆ: ಸುಂಕ ಬೀಳುವುದು ಕಾರಿನ ಒಡೆತನದ ಮೇಲಲ್ಲ, ಅದರ ಓಡಾಟದ ಮೇಲೆ. ಹೊಗೆಯನ್ನು ಉಸಿರಾಡುವವರ ಶ್ವಾಸಕೋಶದ ಬೆಲೆ ಒಡೆಯನ ಲೆಕ್ಕಪುಸ್ತಕದಲ್ಲಿ ತಾನಾಗಿ ಬರುವುದಿಲ್ಲ. ಯಾರಾದರೂ ಅದನ್ನು ಬರೆಸಬೇಕಾಗುತ್ತದೆ. ಅಪಘಾತದಲ್ಲಿ ಪ್ರಾಣ ಉಳಿಸುವ ಹೊಸ ಸಾಧನಗಳು ಹಳೆಯ ಕಾರಿನಲ್ಲಿ ಇರುವುದಿಲ್ಲವೆಂಬುದೂ ಹೀಗೆಯೇ ಪೌಂಡು ಪೆನ್ನಿಗಳಲ್ಲಿ ಸಿಗದ ಖರ್ಚು. ಅದನ್ನು ಮನೆಯ ಯಜಮಾನ ಬೇರೆಯಾಗಿಯೇ ತೂಗಿ ನೋಡಬೇಕು.

ನಮ್ಮ ದೇಶದಲ್ಲಿ ಖಾಸಗಿ ವಾಹನದ ನೋಂದಣಿಯ ಮೊದಲ ಅವಧಿ ಹದಿನೈದು ವರ್ಷ. ಆಮೇಲೆ ವಾಹನವನ್ನು ಪರೀಕ್ಷೆಗೆ ಒಪ್ಪಿಸಿ ನವೀಕರಿಸಿಕೊಳ್ಳಬೇಕೇ, ಬೇಡವೇ ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಎದ್ದೇ ಏಳುತ್ತದೆ. ಅಂಥ ಸಂದರ್ಭ ನಿಮ್ಮ ಮನೆಯಲ್ಲಿ ಬಂದಾಗ, ಅದು ಕಾರಾಗಲಿ ಸ್ಕೂಟರಾಗಲಿ, ಒಂದು ಹಾಳೆಯ ಎಡಗಡೆ ಕಾಲದ ಖರ್ಚುಗಳನ್ನೂ ಬಲಗಡೆ ದೂರದ ಖರ್ಚುಗಳನ್ನೂ ಬರೆಯಿರಿ. ಕಳೆದ ವರ್ಷ ಅದು ಎಷ್ಟು ಕಿಲೋಮೀಟರ್ ಓಡಿತೆಂಬುದನ್ನು ಹಾಳೆಯ ತಲೆಯ ಮೇಲೆ ಬರೆದುಕೊಂಡು ಲೆಕ್ಕ ಪ್ರಾರಂಭಿಸಿರಿ.